ರಸಾಯನಜ್ಞನ ಗುಪ್ತಪದ

ಪ್ರಯೋಗಶಾಲೆಯಲ್ಲಿ ಆಯುಷ್ಯ ಸವೆಸಿದ ರಸಾಯನಜ್ಞನು, ತನ್ನ ಗಣಕಯಂತ್ರಕ್ಕೆ ಪಾಸ್‌ವರ್ಡೊಂದನ್ನು ಗೊತ್ತುಮಾಡಬೇಕಾದಾಗ, ಕ್ಷೌರದಂಗಡಿಯಲ್ಲಿ ಗದ್ದಕ್ಕೆ ತೀಡುವ ಪಟಿಕದ ಅಣುಸೂತ್ರವನ್ನೇ ಬರೆದು ನಿಶ್ಚಿಂತನಾಗುವುದು ಸಹಜ. ದೊಡ್ಡ ಕೆ, ದೊಡ್ಡ ಎ, ಚಿಕ್ಕ ಎಲ್, ಆವರಣದೊಳಗೆ ಎಸ್, ಓ, 4, ಹೊರಗೆ 2, ಬಳಿಕ ಬಿಂದು, 12, ಎಚ್, 2, ಓ: ಒಟ್ಟು 15 ಚಿಹ್ನೆಗಳು. ಬ್ಯಾಂಕಿನವರು ಪಟ್ಟುಹಿಡಿದು ಕೇಳುವ ದೊಡ್ಡಕ್ಷರ, ಚಿಕ್ಕಕ್ಷರ, ಅಂಕೆ, ವಿಶೇಷ ಚಿಹ್ನೆಗಳೆಲ್ಲವೂ ಅದರಲ್ಲುಂಟು. ಅನ್ಯರು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಕಾದ ಈ ಸರಣಿ ಅವನ ಸ್ಮೃತಿಯಲ್ಲಿ ಒಂದೇ ಗಂಟಾಗಿ ಕುಳಿತಿರುತ್ತದೆ. ನೆನಪಿನ ಮಿತಿಯನ್ನು ಇಂಥ ಗಂಟುಗಳಿಂದಲೇ ಎಣಿಸಬೇಕೆಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರತಿಪಾದಿಸಿದನು.

ಆದರೆ ಕಳ್ಳನು, ಸಿನಿಮಾದಲ್ಲಿ ತೋರಿಸುವಂತೆ, ಕೀಲಿಮಣೆಯ ಮುಂದೆ ಕುಳಿತು ಬೆವರುವವನಲ್ಲ. ಜಾಗರೂಕವಾದ ಜಾಲತಾಣವು ಗುಪ್ತಪದವನ್ನು ಇದ್ದಂತೆಯೇ ಇಡದೆ, ಹಿಂದಕ್ಕೆ ತಿರುಗಿಸಲಾಗದ ಗಣಿತಕ್ರಿಯೆಯೊಂದರಿಂದ ಹ್ಯಾಶ್ ಎಂಬ ರೂಪಕ್ಕೆ ತಂದು ಸಂಗ್ರಹಿಸುತ್ತದೆ. ಆ ಸಂಗ್ರಹವನ್ನು ಕದ್ದವನು ತನ್ನ ಊಹೆಗಳನ್ನು ಅದೇ ಕ್ರಿಯೆಗೆ ಒಳಪಡಿಸಿ, ಫಲ ಹೊಂದುವುದೋ ಎಂದು ತಾಳೆ ನೋಡುತ್ತಾನೆ. ಹ್ಯಾಶ್ ಹಗುರವಾದ ಜಾತಿಯದಾದರೆ, ಸೆಕೆಂಡಿಗೆ 100 ಕೋಟಿ ಊಹೆಗಳು ಇಂದಿನ ಒಂದು ಗ್ರಾಫಿಕ್ಸ್ ಕಾರ್ಡಿಗೆ ಶ್ರಮವೇ ಅಲ್ಲ. ಯಂತ್ರಗಳು ಮಂದಗತಿಯವಾಗಿದ್ದ ಕಾಲದಲ್ಲೇ, ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಪ್ರಬಂಧಕ್ಕಾಗಿ ಪರಿಶೀಲಿಸಿದ 3,289 ಗುಪ್ತಪದಗಳಲ್ಲಿ ಶೇಕಡ 86ರಷ್ಟು ತೀರ ಚಿಕ್ಕವು ಇಲ್ಲವೆ ನಿಘಂಟಿನಂಥ ಪಟ್ಟಿಗಳಲ್ಲಿ ಸಿಕ್ಕುವಂಥವು. ಪಟಿಕದ ಸೂತ್ರವಾದರೋ ಪಠ್ಯಪುಸ್ತಕದಲ್ಲೇ ಅಚ್ಚಾಗಿರುವುದರಿಂದ, ಅದರ ವಿಕಟ ಚಿಹ್ನೆಗಳು ಕಳ್ಳನ ಪಟ್ಟಿಗೆ ಒಂದು ಸಾಲನ್ನಷ್ಟೇ ಕೂಡಿಸುತ್ತವೆ.

ಹಾಗಾದರೆ ವಿದ್ಯೆಯಿಂದ ಪ್ರಯೋಜನವಿಲ್ಲವೆ? ಉಂಟು, ಅದನ್ನು ಗೋಪನಕ್ಕಲ್ಲ, ನೆನಪಿಗೆ ಬಳಸಬೇಕು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದ ಡೈಸ್‌ವೇರ್ ಪದ್ಧತಿಯಲ್ಲಿ ದಾಳವನ್ನು ಐದು ಸಲ ಉರುಳಿಸಿ 7,776 ಪದಗಳಲ್ಲೊಂದನ್ನು ಆರಿಸುತ್ತಾರೆ; ಹೀಗೆ ಬಂದ ಹಲವು ಪದಗಳನ್ನು ಸಾಲಾಗಿ ಜೋಡಿಸಿದರೆ ಗುಪ್ತಪದ. ನಮ್ಮ ರಸಾಯನಜ್ಞನು ತಾನು ಚೆನ್ನಾಗಿ ಬಲ್ಲ 1,296 ದ್ರವ್ಯಗಳ ಪಟ್ಟಿ ಮಾಡಿಕೊಂಡರೆ, ನಾಲ್ಕು ಸಲ ಉರುಳಿಸಿದಾಗ ಒಂದು ಹೆಸರು ದೊರೆಯುತ್ತದೆ. ಸೂತ್ರಗಳ ಗೊಡವೆ ಬೇಡ, ಹೆಸರೇ ಸಾಕು. ಕೆಲವು ತಾಣಗಳು ಆವರಣಚಿಹ್ನೆಯನ್ನು ಒಪ್ಪುವುದೂ ಇಲ್ಲ. ಆ ಪಟ್ಟಿ ಕಳ್ಳನ ಕೈಯಲ್ಲೇ ಇದೆಯೆಂದು ಇಟ್ಟುಕೊಂಡರೂ, ಮೇಲೆ ಹೇಳಿದ ವೇಗದಲ್ಲಿ ನಾಲ್ಕು ಹೆಸರುಗಳ ಸಾಧ್ಯತೆಗಳೆಲ್ಲ ಮುಗಿಯಲು ಮುಕ್ಕಾಲು ಗಂಟೆ, ಐದಕ್ಕೆ 42 ದಿನ, ಆರಕ್ಕೆ ಸುಮಾರು 150 ವರ್ಷ ಬೇಕು.

ಆರು ಹೆಸರುಗಳನ್ನು ನೆನಪಿಡುವುದೇ ವಿದ್ಯೆಯ ಕೆಲಸ. ಪಟಿಕದ ಬೆನ್ನಿಗೆ ಬೇರಿಯಂ ಕ್ಲೋರೈಡ್ ಬಂದರೆ, ಪ್ರಣಾಳದಲ್ಲಿ ಬಿಳಿಯ ಒತ್ತರ ಇಳಿಯುವ ನೋಟ ಅವನ ಕಣ್ಣಿಗೆ ಕಟ್ಟುತ್ತದೆ. ಪೊಟಾಸಿಯಂ ಪರ್ಮಾಂಗನೇಟಿನ ನಂತರ ಆಕ್ಸಾಲಿಕ್ ಆಮ್ಲ ಬಂದರೆ, ನೇರಳೆ ಬಣ್ಣ ಕರಗಿಹೋಗುತ್ತದೆ. ಕ್ರಿಯೆಗೆ ಒಗ್ಗದ ಜೋಡಿಗಳು ಬಂದಾಗ, ಅವನ್ನು ಸರಿಪಡಿಸಲು ಕ್ರಮವನ್ನು ಅತ್ತಿತ್ತ ಮಾಡುವ ಪ್ರಲೋಭನೆ ಎಂಥ ಪಂಡಿತನಿಗೂ ತಪ್ಪದು. ಆರು ಬೇರೆಬೇರೆ ಹೆಸರುಗಳನ್ನು 720 ಬಗೆಯಾಗಿ ಜೋಡಿಸಬಹುದಾದ್ದರಿಂದ, ಅವನ್ನು ಯಾವಾಗಲೂ ಶಾಸ್ತ್ರಸಮ್ಮತವಾದ ಒಂದೇ ಕ್ರಮಕ್ಕೆ ತರುವವನ 150 ವರ್ಷಗಳು ಎರಡೂವರೆ ತಿಂಗಳಿಗೆ ಇಳಿಯುತ್ತವೆ. ಆದುದರಿಂದ ದಾಳ ಕೊಟ್ಟ ಕ್ರಮದಲ್ಲೇ, ಎಷ್ಟೇ ಅಸಂಬದ್ಧವಾದರೂ, ಕಥೆಯನ್ನು ಹೆಣೆದುಕೊಳ್ಳತಕ್ಕದ್ದು.