ಮೊಳೆ ಜೋಡಿಸುತ್ತಿದ್ದ ಹುಡುಗ ಪ್ರಧಾನಿಯಾದ

ಮಕ್ಕಳೇ, ಕಂಪ್ಯೂಟರ್ ಬರುವ ಮೊದಲು ಮುದ್ರಣಾಲಯಗಳಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸುತ್ತಿದ್ದರು. ‘ಮೊಳೆ ಜೋಡಿಸುವುದು’ ಎಂದರೇನೆಂದು ಅಜ್ಜನನ್ನು ಕೇಳಿ, ಹೇಳುತ್ತಾರೆ. 1882ರಲ್ಲಿ ಬಲ್ಗೇರಿಯಾದ ಬಡ ಕುಟುಂಬದಲ್ಲಿ ಹುಟ್ಟಿದ ಜಾರ್ಜಿ ದಿಮಿತ್ರೋವ್ 12ನೇ ವಯಸ್ಸಿಗೇ ಈ ಕೆಲಸಕ್ಕೆ ಸೇರಿದರು. ಮುಂದೆ ಕಾರ್ಮಿಕ ಸಂಘ ಕಟ್ಟಿದರು, ಕಮ್ಯುನಿಸ್ಟ್ ಮುಖಂಡರಾದರು.

1933ರಲ್ಲಿ ಬರ್ಲಿನ್‌ನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಹಿಟ್ಲರನ ಸರ್ಕಾರ ದಿಮಿತ್ರೋವ್ ಅವರನ್ನೂ ಹಿಡಿದು, ತಿಂಗಳುಗಟ್ಟಲೆ ಕೈಗೆ ಕೋಳ ತೊಡಿಸಿ ಇಟ್ಟಿತು. ಲೈಪ್‌ಜಿಗ್ ನ್ಯಾಯಾಲಯದಲ್ಲಿ ಅವರು ತಮ್ಮ ಪರವಾಗಿ ತಾವೇ ವಾದಿಸಿದರು. ಸಾಕ್ಷಿ ಹೇಳಲು ಬಂದ ಮಂತ್ರಿ ಗೋರಿಂಗ್, ಅವರ ಪ್ರಶ್ನೆಗಳಿಗೆ ತಾಳ್ಮೆಗೆಟ್ಟು ಕೂಗಾಡಿಬಿಟ್ಟ! ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಜಗತ್ತೇ ಬೆರಗಾಯಿತು.

1946ರಲ್ಲಿ ಅವರು ಬಲ್ಗೇರಿಯಾದ ಪ್ರಧಾನಿಯಾದರು. ಆದರೆ ಮರುವರ್ಷವೇ, ಅವರ ಆಳ್ವಿಕೆಯಲ್ಲಿ, ವಿರೋಧ ಪಕ್ಷದ ನಾಯಕ ನಿಕೋಲಾ ಪೆಟ್ಕೋವ್ ಅವರನ್ನು ಗಲ್ಲಿಗೇರಿಸಲಾಯಿತು.

1949ರಲ್ಲಿ ದಿಮಿತ್ರೋವ್ ತೀರಿಕೊಂಡಾಗ ರಾಜಧಾನಿ ಸೋಫಿಯಾದಲ್ಲಿ ಆರೇ ದಿನಗಳಲ್ಲಿ ಬಿಳಿಯ ಸಮಾಧಿ ಭವನವೊಂದು ಎದ್ದು ನಿಂತಿತು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ, 1999ರಲ್ಲಿ, ಅದನ್ನು ಕೆಡವಿದರು.

ಕಟಕಟೆಯಲ್ಲಿ ನಿಂತಾಗ ತನಗೆ ಬೇಕೆನಿಸಿದ ನ್ಯಾಯವನ್ನು, ಅಧಿಕಾರ ಬಂದಾಗ ಎದುರಾಳಿಗೂ ಕೊಡಬೇಡವೇ? ಅಜ್ಜ ಅಜ್ಜಿಯರ ಜೊತೆ ಕೂತು ಮಾತನಾಡಿ ನೋಡಿ.