ಮಾತು, ಕಿವಿ ಮತ್ತು ಒಂದು ಪದವಿ

ಪಿಯುಸಿ ವಿಜ್ಞಾನದ ಫಲಿತಾಂಶ ಬಂದ ಮನೆಗಳಲ್ಲಿ ಮಾತು ಸಾಮಾನ್ಯವಾಗಿ ಎಂಬಿಬಿಎಸ್‌ನಿಂದ ಶುರುವಾಗುತ್ತದೆ. ಸೀಟು ಸಿಗುವುದು ಅನುಮಾನ ಎಂದಾದಾಗ ಡೆಂಟಲ್, ಆಯುರ್ವೇದ, ನರ್ಸಿಂಗ್, ಫಿಸಿಯೋಥೆರಪಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಈ ಸರದಿಯಲ್ಲಿ ಬಿಎಎಸ್‌ಎಲ್‌ಪಿ ಎಂಬ ಹೆಸರು ಬರುವುದೇ ಅಪರೂಪ, ಬಂದರೂ ‘ಅದೇನದು?’ ಎಂಬ ಪ್ರಶ್ನೆಯನ್ನು ಜೊತೆಗೇ ಕರೆತರುತ್ತದೆ. ಶ್ರವಣದ ಮತ್ತು ಮಾತು-ಭಾಷೆಯ ತೊಂದರೆಗಳನ್ನು ಗುರುತಿಸಿ, ಅಳೆದು, ಸರಿಪಡಿಸಲು ಕಲಿಸುವ ನಾಲ್ಕು ವರ್ಷದ ಪದವಿ ಇದು. ಹುಟ್ಟಿನಿಂದಲೇ ಕಿವಿ ಕೇಳದ ಕೂಸು, ಮೂರು ತುಂಬಿದರೂ ಮಾತು ಬಾರದ ಮಗು, ಉಗ್ಗುವ ಹುಡುಗ, ಲಕ್ವ ಹೊಡೆದ ಮೇಲೆ ಹೆಂಡತಿಯ ಹೆಸರೂ ನಾಲಗೆಗೆ ಬಾರದೆ ತಡವರಿಸುವ ಹಿರಿಯರು, ದಿನವಿಡೀ ಪಾಠ ಹೇಳಿ ದನಿ ಒಡೆದ ಮೇಷ್ಟರು, ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು, ಇವರೆಲ್ಲರೂ ಬರುವುದು ಈ ಪದವಿ ಪಡೆದವರ ಬಳಿಗೆ. ಉಳಿದ ಆರೋಗ್ಯ ವಿಜ್ಞಾನದ ಪದವಿಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬಿಪಿ ನೋಡುವ ಉಪಕರಣಕ್ಕೆ ರೋಗಿಯ ಭಾಷೆ ಯಾವುದಾದರೂ ಒಂದೇ. ಇಲ್ಲಿ ಅಳೆಯಬೇಕಾದದ್ದೇ ಭಾಷೆ. ಹಾಗಾಗಿ ಕರ್ನಾಟಕದಲ್ಲಿ ಇದನ್ನು ಓದಿ ಇಲ್ಲೇ ವೃತ್ತಿ ಮಾಡುವವರಿಗೆ ಕನ್ನಡದ ಒಳಹೊರಗು ತಿಳಿದಿರುವುದು ಅಂಗರಚನಾಶಾಸ್ತ್ರದಷ್ಟೇ ಅಗತ್ಯ ಎಂಬುದು ನನ್ನ ವಾದ.

ಈ ಓದಿಗೆ ದೇಶದಲ್ಲೇ ದೊಡ್ಡ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಊರವರ ಬಾಯಲ್ಲಿ ಅದು ‘ಆಯಿಷ್’. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ ಸ್ವಾಯತ್ತ ಸಂಸ್ಥೆ. ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ಮೈಸೂರಿನ ಹವ್ಯಾಸಿ ರಂಗಭೂಮಿಯಲ್ಲಿ ಹೆಸರಾದ ನಾಟಕಕಾರ ನ. ರತ್ನ ಇದರ ನಿರ್ದೇಶಕರಾಗಿದ್ದವರು. ಮಾತಿನ ಚಿಕಿತ್ಸೆಗೂ ಮಾತಿನ ಕಲೆಗೂ ನಂಟಿದೆ ಎನ್ನಲು ಬೇರೆ ಸಾಕ್ಷಿ ಬೇಡವೇನೋ. ಮೈಸೂರಿನ ಜೆಎಸ್‌ಎಸ್, ಬೆಂಗಳೂರಿನ ಎಸ್.ಆರ್. ಚಂದ್ರಶೇಖರ್ ಸಂಸ್ಥೆ, ಮಣಿಪಾಲ ಮೊದಲಾದ ಕಡೆಯೂ ಈ ಕೋರ್ಸ್ ಇದೆ. ಆಯಿಷ್‌ಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರವನ್ನೇ ಓದಿರಬೇಕೆಂದಿಲ್ಲ, ಗಣಿತ ಓದಿದವರಿಗೂ ಬಾಗಿಲು ತೆರೆದಿದೆ. ಮೂರು ವರ್ಷ ತರಗತಿ ಮತ್ತು ಕ್ಲಿನಿಕ್, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ 1992ರ ಕಾಯ್ದೆಯಡಿ ರೂಪುಗೊಂಡ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರಷ್ಟೇ ವೃತ್ತಿ ಮಾಡಲು ಪರವಾನಗಿ. ಕಿವಿ ಮತ್ತು ಗಂಟಲಿನ ರಚನೆ, ನರಮಂಡಲ, ಧ್ವನಿಯ ಭೌತಶಾಸ್ತ್ರ, ಮನಶ್ಶಾಸ್ತ್ರ ಇವುಗಳ ಜೊತೆಗೆ ಭಾಷಾವಿಜ್ಞಾನವೂ ಪಠ್ಯದಲ್ಲಿದೆ. ಕೊನೆಯದನ್ನು ಪಾಸಾಗಲೆಂದಷ್ಟೇ ಓದಿಕೊಂಡವರಿಗೆ ತೊಡಕು ಎದುರಾಗುವುದು ಕ್ಲಿನಿಕ್ಕಿಗೆ ಕಾಲಿಟ್ಟಾಗ.

ಮಕ್ಕಳ ಉಚ್ಚಾರ ಪರೀಕ್ಷೆಯನ್ನೇ ನೋಡಿ. ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ. ಒಂದೊಂದು ವ್ಯಂಜನವನ್ನೂ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಮಗು ಹೇಗೆ ನುಡಿಯುತ್ತದೆ ಎಂದು ಬರೆದುಕೊಳ್ಳುತ್ತಾರೆ. ಇಂಗ್ಲಿಷಿಗೆ ಹೊಂದುವ ಈ ಕ್ರಮವನ್ನು ಹಾಗೇ ಕನ್ನಡಕ್ಕೆ ತಂದರೆ ಮೂರನೆಯ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ. ಮರ, ಹಾಲು, ಕಣ್ಣು, ಬೆಕ್ಕು, ಇಲಿ, ನಮ್ಮ ಪದಗಳು ಮುಗಿಯುವುದೇ ಸ್ವರದಲ್ಲಿ. ಕನ್ನಡದ ಮಗುವಿನಲ್ಲಿ ನೋಡಬೇಕಾದದ್ದು ಬೇರೆ: ಕತೆ ಮತ್ತು ಕತ್ತೆ ಬೇರೆಯಾಗಿ ಕೇಳುತ್ತವೆಯೇ, ಬಳೆ-ಬಾಳೆಗಳ ಹ್ರಸ್ವ ದೀರ್ಘ ನಿಂತಿದೆಯೇ, ಹಳ್ಳಿ ಹೋಗಿ ಹಲ್ಲಿಯಾಗಿದೆಯೇ. ಮೈಸೂರಿನಲ್ಲಿ 1972ರಷ್ಟು ಹಿಂದೆಯೇ ಕನ್ನಡದ್ದೇ ಆದ ಉಚ್ಚಾರ ಪರೀಕ್ಷೆಯೊಂದು ಸಿದ್ಧವಾಯಿತು. ಆದರೆ ಪರೀಕ್ಷೆ ಕೈಯಲ್ಲಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಮೂರು ವರ್ಷದ ಮಗು ರೊಟ್ಟಿಯನ್ನು ‘ಲೊಟ್ಟಿ’ ಎಂದರೆ ಗಾಬರಿ ಬೇಡ, ರಕಾರ ತಡವಾಗಿ ನೆಲೆಗೊಳ್ಳುವ ಧ್ವನಿ. ಎಂಟು ವರ್ಷದ್ದು ಹಾಗೆಂದರೆ ಥೆರಪಿಯ ಯೋಚನೆ ಮಾಡಬೇಕು. ಇನ್ನು ಮಂಡ್ಯ ಕಡೆಯ ಹಳ್ಳಿಯ ಹುಡುಗಿ ಹಾಲನ್ನು ‘ಆಲು’ ಎಂದರೆ? ಪುಸ್ತಕವನ್ನಷ್ಟೇ ನೆಚ್ಚಿಕೊಂಡವರು ಹಕಾರ ಬಿಟ್ಟುಹೋಗಿದೆ ಎಂದು ತಪ್ಪಿನ ಗುರುತು ಹಾಕುತ್ತಾರೆ. ಅವಳ ಅಪ್ಪ, ಅವ್ವ, ಅಜ್ಜಿ ಎಲ್ಲರೂ ಆಡುವುದು ಹಾಗೆಯೇ ಎಂದು ಗೊತ್ತಿದ್ದವರು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಈ ತಪ್ಪು ಎರಡೂ ದಿಕ್ಕಿನಲ್ಲಿ ನಡೆಯಬಹುದು. ಏನೂ ತೊಂದರೆಯಿಲ್ಲದ ಮಗು ತಿಂಗಳುಗಟ್ಟಲೆ ಥೆರಪಿಗೆ ಅಲೆಯಬಹುದು. ನಿಜವಾಗಿ ತೊಂದರೆಯಿರುವ ಮಗುವನ್ನು ‘ಅವರ ಕಡೆ ಹಾಗೇ’ ಎಂದು ಮನೆಗೆ ಕಳಿಸಿಯೂ ಬಿಡಬಹುದು.

ದೊಡ್ಡವರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಮಿದುಳಿನ ಮುಂಭಾಗದ ಒಂದು ಜಾಗಕ್ಕೆ ಪೆಟ್ಟು ಬಿದ್ದರೆ ಮಾತು ಕುಸಿಯುತ್ತದೆ ಎಂಬುದನ್ನು ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ‘ಟಾನ್’ ಎಂಬ ಸದ್ದಿನ ಹೊರತು ಬೇರೇನೂ ನುಡಿಯಲಾರದ ರೋಗಿಯ ಮೂಲಕ ತೋರಿಸಿಕೊಟ್ಟ. ಹೀಗೆ ಮಾತು ಕುಸಿಯುವ ತೊಂದರೆಗೆ ಅಫೇಸಿಯಾ ಎಂದು ಹೆಸರು. ಅಲ್ಲಿಂದ ಬೆಳೆದ ಅಫೇಸಿಯಾ ಶಾಸ್ತ್ರದ ಬಹುಪಾಲು ವಿವರಣೆ ಯುರೋಪಿನ ಭಾಷೆಗಳನ್ನು ನೋಡಿ ಬರೆದದ್ದು. ಹೀಗೆ ಮಾತು ಕುಸಿದ ರೋಗಿ ಪ್ರತ್ಯಯಗಳನ್ನು ಉದುರಿಸಿ ಬರಿಯ ಪದಗಳನ್ನು ಜೋಡಿಸುತ್ತಾನೆ ಎಂದು ಆ ವಿವರಣೆಗಳು ಹೇಳುತ್ತವೆ. ಆದರೆ ಕನ್ನಡದಲ್ಲಿ ಪ್ರತ್ಯಯ ಉದುರಿದರೆ ಉಳಿಯುವುದೇನು? ‘ಮನೆಗೆ ಹೋದೆ’ ಎನ್ನಬೇಕಾದವರು ‘ಮನೆ ಹೋಗು’ ಎಂದರೆ ಅದು ಹರಿದ ವಾಕ್ಯದಂತೆ ಕೇಳಿಸುವುದರ ಜೊತೆಗೆ ಆಜ್ಞೆಯಂತೆಯೂ ಕೇಳಿಸುತ್ತದೆ. ಮನೆಯವರು ‘ಯಾಕೋ ಗದರುತ್ತಾರೆ’ ಎಂದುಕೊಳ್ಳಲೂ ಬಹುದು. ಇದಕ್ಕೆ ಉಲ್ಟಾ ಕೂಡ ಇದೆ. ‘ಊಟ ಆಯ್ತು, ಮಲಗಿದೆ’ ಎಂದು ರೋಗಿ ಹೇಳಿದರೆ ‘ನಾನು’ ಎಲ್ಲಿ ಎಂದು ಇಂಗ್ಲಿಷ್ ಮಾದರಿಯ ಅಂಕಪಟ್ಟಿ ಕೇಳುತ್ತದೆ. ಕನ್ನಡಕ್ಕೆ ಅದು ಬೇಕಿಲ್ಲ, ವಾಕ್ಯ ಪೂರ್ಣವಾಗಿಯೇ ಇದೆ. ಪ್ರತಿಭಾ ಕಾರಂತ ಅವರು ಕನ್ನಡಕ್ಕೆಂದೇ ಭಾಷಾ ಪರೀಕ್ಷೆಯೊಂದನ್ನು ರೂಪಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಿಭಕ್ತಿ, ಲಿಂಗ, ವಚನ, ಕಾಲ ಎಂದು ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ವ್ಯಾಕರಣ ರೋಗನಿರ್ಣಯದ ಸಲಕರಣೆಯಾಗುವ ಇನ್ನೊಂದು ಆರೋಗ್ಯ ಪದವಿ ನನಗಂತೂ ಗೊತ್ತಿಲ್ಲ.

ನನ್ನ ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಯಂತ್ರದ್ದು. ಕಿವಿಯ ಪರೀಕ್ಷೆಗೆ ಭಾಷೆ ಯಾಕೆ ಬೇಕು, ಯಂತ್ರ ಇದೆಯಲ್ಲ? ಅರ್ಧ ನಿಜ. ನವಜಾತ ಶಿಶುವಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು, ಒಳಗಿವಿ ತಾನೇ ಹೊಮ್ಮಿಸುವ ಕ್ಷೀಣ ಸದ್ದನ್ನು ಹಿಡಿಯುವ ಓಎಇ ಪರೀಕ್ಷೆಗಾಗಲಿ, ಮಲಗಿದ ಕೂಸಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಬೇರಾ ಪರೀಕ್ಷೆಗಾಗಲಿ ಭಾಷೆ ಬೇಡ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಸೂತ್ರ ಕಾರ್ಯಸಾಧ್ಯವಾದದ್ದು ಇಂಥ ಯಂತ್ರಗಳಿಂದ. ಆದರೆ ಅರವತ್ತು ದಾಟಿದವರು ಹೇಳುವ ದೂರು ಬೇರೆ: ‘ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ.’ ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಶ್ರವಣ. ಸ್ವರಗಳು ಕಿವಿಗೆ ಬೀಳುತ್ತವೆ, ಸಕಾರ ಶಕಾರದಂಥವು ಕೈಕೊಡುತ್ತವೆ. ಇದನ್ನು ಪತ್ತೆಹಚ್ಚಲು ಬರಿಯ ‘ಪೀಂ’ ಸದ್ದು ಸಾಲದು, ಪದಗಳನ್ನು ಕೇಳಿಸಿ ಮರಳಿ ಹೇಳಿಸಬೇಕು. ಆ ಪದಗಳು ರೋಗಿಗೆ ಪರಿಚಿತವಾಗಿರಬೇಕು, ಭಾಷೆಯಲ್ಲಿ ಧ್ವನಿಗಳು ಬರುವ ಪ್ರಮಾಣವನ್ನು ಹೋಲಬೇಕು. ಕನ್ನಡಕ್ಕೆ ಪ್ರತ್ಯೇಕ ಪದಪಟ್ಟಿಗಳನ್ನು ಕಟ್ಟಿಕೊಂಡದ್ದು ಅದಕ್ಕೇ. ಶ್ರವಣ ಸಾಧನ ಹಾಕಿದ ಮೇಲೆ ಪ್ರಯೋಜನವಾಯಿತೇ ಇಲ್ಲವೇ ಎಂಬುದನ್ನೂ ಕೊನೆಗೆ ಮಾತೇ ತೀರ್ಮಾನಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಖಿಲ ಭಾರತ ಮಟ್ಟದಲ್ಲಿ ಪ್ರವೇಶ ಕೊಡುವ ಸಂಸ್ಥೆಗೆ ಮಲಯಾಳಿಗಳು, ಹಿಂದಿಯವರು, ಎಲ್ಲರೂ ಬರುತ್ತಾರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಓದಿ ಮುಗಿಸಿದ ಹಲವರ ಕಣ್ಣು ವಿದೇಶದ ಮೇಲಿರುತ್ತದೆ. ಅವರಿಗೆಲ್ಲ ಕನ್ನಡ ಹೇರುವುದು ನ್ಯಾಯವೇ? ಹೇರಬೇಕೆಂದು ನಾನು ಹೇಳುತ್ತಿಲ್ಲ. ಒಂದು ಭಾಷೆಯ ಒಳರಚನೆಯನ್ನು ಗಮನಿಸಿ ಪರೀಕ್ಷೆಯನ್ನು ಅದಕ್ಕೆ ಹೊಂದಿಸುವ ವಿದ್ಯೆ ಕೈವಶವಾದರೆ ಕೋಯಿಕ್ಕೋಡಿನಲ್ಲೂ ಲಕ್ನೋದಲ್ಲೂ ಅದು ನಡೆಯುತ್ತದೆ. ಆದರೆ ಮೈಸೂರಿನ ಒಪಿಡಿಯಲ್ಲಿ ಎದುರು ಕುಳಿತವರ ಜೊತೆ ‘ಇದೇನು? ಹೇಳು ಪುಟ್ಟಾ’ ಎಂಬಷ್ಟು ಕನ್ನಡದಲ್ಲಿ ಥೆರಪಿ ಮಾಡಬಹುದು, ಅಷ್ಟರಿಂದಲೇ ಅಫೇಸಿಯಾದ ರೋಗಿಯ ಅರ್ಧ ವಾಕ್ಯದಲ್ಲಿ ಎಲ್ಲಿ ಮುರಿದಿದೆ ಎಂದು ಹೇಳಲಾಗದು. ಹೊರಗಿನಿಂದ ಬಂದವರಿಗಿರುವ ಈ ಕೊರತೆ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಕನ್ನಡದ ಮಕ್ಕಳ ಕೊರತೆ ಕಾಣುವುದಿಲ್ಲ: ಮಾತು ಸರಾಗ, ಆದರೆ ಸಪ್ತಮಿ ಯಾವುದು ಎಂದರೆ ಮೌನ. ಮೊದಲ ವರ್ಷ ಇಂಗ್ಲಿಷ್ ಪುಸ್ತಕಗಳ ಎದುರು ಹಿಂಜರಿಯುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಭಾಷೆಯನ್ನು ಹಗುರಾಗಿ ಕಂಡದ್ದರ ಪರಿಣಾಮ ಅತಿ ಹೆಚ್ಚು ಕಾಣಿಸುವುದು ಮನೆಯವರಿಗೆ ಕೊಡುವ ಸಲಹೆಯಲ್ಲಿ. ಮಾತು ತಡವಾದ ಮಗುವಿಗೆ ‘ಎರಡೆರಡು ಭಾಷೆ ಗೊಂದಲ, ಮನೆಯಲ್ಲೂ ಇಂಗ್ಲಿಷೇ ಆಡಿ’ ಎಂಬ ಉಪದೇಶ ಶಾಲೆಯವರಿಂದ, ನೆಂಟರಿಂದ, ಕೆಲವೊಮ್ಮೆ ಬಲ್ಲವರಿಂದಲೂ ಬರುತ್ತದೆ. ಆಟಿಸಂ, ಡೌನ್ ಸಿಂಡ್ರೋಮ್, ಭಾಷಾ ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ಗಮನಿಸಿದ ಅಧ್ಯಯನಗಳು ಎರಡು ಭಾಷೆಯಿಂದ ಹೆಚ್ಚುವರಿ ಹಿನ್ನಡೆ ಕಂಡಿಲ್ಲ. ಥೆರಪಿ ನಡೆಯುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಸ್ನಾನ ಮಾಡಿಸುವಾಗ, ತಟ್ಟೆಗೆ ಅನ್ನ ಹಾಕುವಾಗ, ಬಸ್ಸಿಗೆ ಕಾಯುವಾಗ ಮಗುವಿನ ಕಿವಿಗೆ ಮಾತು ತುಂಬಬೇಕಾದವರು ಅಮ್ಮ, ಅಜ್ಜಿ, ಅಣ್ಣ. ಅವರಿಗೆ ಬರುವ ಇಂಗ್ಲಿಷ್ ‘ಕಮ್’, ‘ಸಿಟ್’, ‘ಈಟ್’ ಎಂಬಷ್ಟೇ ಆದರೆ ಮಗುವಿಗೆ ಕೇಳಸಿಗುವ ಭಾಷೆಯೂ ಅಷ್ಟೇ. ಮನೆಮಾತಲ್ಲೇ ಆಡಿ, ಇಂದು ಮಗುವಿಗೆ ಈ ಹತ್ತು ಕ್ರಿಯಾಪದಗಳನ್ನು ಹೀಗೆ ಹೀಗೆ ಕೇಳಿಸಿ ಎಂದು ಅವರ ಊರಿನ ಕನ್ನಡದಲ್ಲೇ ಬರೆದುಕೊಡುವುದು ಇಂಟರ್ನ್‌ಶಿಪ್‌ನಲ್ಲಿರುವ ವಿದ್ಯಾರ್ಥಿಯ ಕೆಲಸ. ಅದಕ್ಕೆ ತಕ್ಕಂತೆ ಕನ್ನಡದ ಒಳರಚನೆ ಕಲಿಸುವ ಒಂದು ಪತ್ರಿಕೆಯನ್ನು ಕ್ಲಿನಿಕ್ ಶುರುವಾಗುವ ಮೊದಲೇ, ಮೊದಲ ವರ್ಷದಲ್ಲೇ ಇಡಬಹುದು. ಅದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ.