‘ಇನ್ನೊಂದ್ಸಲ ಲೆವೆಲ್ ನೋಡು!’

ಭಾನುವಾರ ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ನಂದಿಬೆಟ್ಟಕ್ಕೆ ಹೊರಡುವ ಬೈಕುಗಳ ದಂಡಿನಲ್ಲಿ ಸಹಕಾರನಗರದಲ್ಲಿ ಸರ್ವಿಸ್ ಆದವೂ ಇರುತ್ತವೆ. ಹಿಂದಿನ ಸಂಜೆ ಅವು ನಿಂತಿದ್ದು ಅರವತ್ತಡಿ ರಸ್ತೆಯಲ್ಲಲ್ಲ. ಅಲ್ಲಿನ ಬಾಡಿಗೆ ಕೆಫೆಗಳಿಗೂ ಬಟ್ಟೆಯ ಶೋರೂಮುಗಳಿಗೂ ಹೇಳಿಸಿದ್ದು. ಬೈಕ್ ಗ್ಯಾರೇಜುಗಳು ಒಳಗಿನ ಅಡ್ಡರಸ್ತೆಗಳಿಗೆ, ಕೊಡಿಗೇಹಳ್ಳಿಯ ಕಡೆಗೆ ಸರಿದುಕೊಂಡಿವೆ. ಒಂದು ಶಟರ್, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಅಳಿಸದ ಕಂಪ್ರೆಸರ್, ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಜಿಕೆವಿಕೆ ವಿದ್ಯಾರ್ಥಿಯ ಪಲ್ಸರ್, ನಿವೃತ್ತರೊಬ್ಬರ ಆಕ್ಟಿವಾ, ಊಟ ತಲುಪಿಸುವ ಹುಡುಗನ ಸವೆದ ಸ್ಪ್ಲೆಂಡರ್ ಅಲ್ಲಿ ಪಕ್ಕಪಕ್ಕದಲ್ಲೇ ನಿಂತಿರುತ್ತವೆ.

ಇಂಥ ಕಡೆ ದಿನಕ್ಕೆ ಅತಿ ಹೆಚ್ಚು ಸಲ ನಡೆಯುವ ಕೆಲಸ ಆಯಿಲ್ ಚೇಂಜ್. ಯಾರು ಬೇಕಾದರೂ ಮಾಡಬಹುದಾದದ್ದು ಎಂಬ ಉದಾಸೀನವೂ ಅದರ ಮೇಲೆಯೇ ಜಾಸ್ತಿ. ಡ್ರೈನ್ ಬೋಲ್ಟ್ ಬಿಚ್ಚು, ಹಳೆಯದನ್ನು ಸುರಿಸು, ಹೊಸದನ್ನು ಹುಯ್ಯಿ, ದುಡ್ಡು ತಗೋ. ಒಳ್ಳೆಯ ಗ್ಯಾರೇಜು ಬೇರೆಯಾಗುವುದು ಇದಾದ ನಂತರದ ಐದಾರು ನಿಮಿಷಗಳಲ್ಲಿ. ಗಿರಾಕಿ ಆಗಲೇ ಹೆಲ್ಮೆಟ್ ಹಾಕಿಕೊಳ್ಳುತ್ತಿರುತ್ತಾನೆ. ಒಳಗಿನಿಂದ ದೊಡ್ಡ ಮೆಕ್ಯಾನಿಕ್ ಹುಡುಗನಿಗೆ ಕೂಗುತ್ತಾರೆ: “ಲೇ, ಸ್ಟಾರ್ಟ್ ಮಾಡಿ ಆಫ್ ಮಾಡ್ದಾ? ಇನ್ನೊಂದ್ಸಲ ಲೆವೆಲ್ ನೋಡು!” ಒಂದು ಗ್ಯಾರೇಜನ್ನು ಅಳೆಯಲು ನನಗೆ ಈ ಒಂದು ಕೂಗು ಸಾಕು.

ಎರಡನೆಯ ಸಲ ಏಕೆ ನೋಡಬೇಕು? ಈಗಷ್ಟೇ ಹುಯ್ದ ಎಣ್ಣೆಯೆಲ್ಲ ಇಂಜಿನ್ನಿನ ತಳದಲ್ಲೇ ಕೂತಿರುತ್ತದೆ. ಹೊಸ ಫಿಲ್ಟರ್ ಹಾಕಿದ್ದರೆ ಅದು ಒಣಗಿದ್ದು. ಇಂಜಿನ್ ಓಡಿದಾಗ ತನ್ನ ಪಾಲಿನ ಎಣ್ಣೆ ಹೀರಿಕೊಳ್ಳುತ್ತದೆ. ಪಂಪು ಮೇಲೆ ತಳ್ಳಿದ ಎಣ್ಣೆ ಕೊಳವೆಗಳಲ್ಲಿ, ಹೆಡ್ಡಿನಲ್ಲಿ, ಕ್ಲಚ್ ಪ್ಲೇಟುಗಳ ನಡುವೆ ಹಂಚಿಹೋಗುತ್ತದೆ. ಹಾಗಾಗಿ ಹುಯ್ದ ಕೂಡಲೇ ಸರಿಯಾಗಿ ಕಂಡ ಮಟ್ಟ ಒಮ್ಮೆ ಓಡಿಸಿ ನೋಡಿದರೆ ಇಳಿದಿರುತ್ತದೆ. ಇಂಜಿನ್ ಆರಿಸಿದ ತಕ್ಷಣ ನೋಡಿದರೂ ತಪ್ಪು ಲೆಕ್ಕವೇ, ಮೇಲೆ ಹೋದದ್ದು ಇನ್ನೂ ಇಳಿದು ಬಂದಿರುವುದಿಲ್ಲ. ಸ್ಪ್ಲೆಂಡರಿನಂಥ ಗಾಡಿಗೆ ಕಂಪನಿಯ ಕೈಪಿಡಿ ಹೇಳುವ ಕ್ರಮ ಇದು: ಸಮತಟ್ಟಾದ ನೆಲ, ಸೆಂಟರ್ ಸ್ಟ್ಯಾಂಡ್, 3ರಿಂದ 5 ನಿಮಿಷ ಐಡ್ಲಿಂಗ್, ಆಫ್ ಮಾಡಿ 2–3 ನಿಮಿಷದ ಕಾಯುವಿಕೆ, ಆಮೇಲೆ ಡಿಪ್‌ಸ್ಟಿಕ್. ದೊಡ್ಡ ವಿದ್ಯೆಯೇನಲ್ಲ. ಆದರೆ ಶನಿವಾರ ಸಂಜೆ ಬಾಗಿಲಲ್ಲಿ ಗಾಡಿಗಳು ಸಾಲು ನಿಂತಿರುವಾಗ ಆ ಮೂರು ನಿಮಿಷ ಕಾಯುವವರು ಕಡಿಮೆ.

ಡಿಪ್‌ಸ್ಟಿಕ್ಕಿನಲ್ಲೂ ಒಂದು ಸೂಕ್ಷ್ಮವಿದೆ. ಹೀರೊ, ಹೋಂಡಾ ಗಾಡಿಗಳಲ್ಲಿ ಕಡ್ಡಿಯನ್ನು ಹೊರತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗಿಟ್ಟು ನೋಡಬೇಕು; ತಿರುಗಿಸಿ ಬಿಗಿಯಬಾರದು. ಬಿಗಿದರೆ ಕಡ್ಡಿ ಥ್ರೆಡ್ಡಿನಷ್ಟು ಆಳ ಹೆಚ್ಚು ಇಳಿಯುತ್ತದೆ, ಎಣ್ಣೆ ಇರುವುದಕ್ಕಿಂತ ಮೇಲೆ ತೋರುತ್ತದೆ. ‘ಫುಲ್ ಇದೆ’ ಎಂದು ಮುಚ್ಚಿದ ಇಂಜಿನ್ನಿನಲ್ಲಿ ವಾಸ್ತವವಾಗಿ ಕೊರತೆ. ಒರೆಸುವ ಬಟ್ಟೆ ಯಾವುದು ಎಂಬುದನ್ನೂ ಗಮನಿಸಿ. ನೂಲು ಬಿಡುವ ಬನಿಯನ್ ವೇಸ್ಟಿನಲ್ಲಿ ಒರೆಸಿದರೆ ಒಂದೆರಡು ಎಳೆ ಕಡ್ಡಿಯ ಜೊತೆಗೇ ಒಳಗೆ ಹೋದೀತು.

ಪಲ್ಸರ್, ಬುಲೆಟ್ಟುಗಳಿಗೆ ಕಡ್ಡಿಯ ಬದಲು ಇಂಜಿನ್ನಿನ ಬಲಬದಿಗೆ ಗಾಜಿನ ಸಣ್ಣ ಕಿಂಡಿ. ನೋಡಲು ಸಲೀಸು, ಮೋಸಹೋಗಲೂ ಸಲೀಸು. ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಎಡಕ್ಕೆ ವಾಲುತ್ತದೆ, ಎಣ್ಣೆಯೂ ಎಡಕ್ಕೆ ಸರಿಯುತ್ತದೆ, ಬಲಗಡೆಯ ಕಿಂಡಿ ಖಾಲಿ ಕಾಣುತ್ತದೆ. ಗಾಬರಿಯಾದ ಮಾಲೀಕ ಅಂಗಡಿಯಿಂದ ಬಾಟಲಿ ತಂದು ಸುರಿಯುತ್ತಾನೆ. ಗಾಡಿ ನೇರ ನಿಲ್ಲಿಸಿದರೆ ಎಣ್ಣೆ ಮೇಲಿನ ಗುರುತು ದಾಟಿರುತ್ತದೆ. ಸೆಂಟರ್ ಸ್ಟ್ಯಾಂಡೇ ಇಲ್ಲದ ಸ್ಪೋರ್ಟ್ಸ್ ಬೈಕಾದರೆ ಒಬ್ಬರು ನೇರ ಹಿಡಿದು, ಇನ್ನೊಬ್ಬರು ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಕಿಂಡಿಯ ಮಟ್ಟಕ್ಕೆ ತಂದು ನೋಡಬೇಕು. ಇಬ್ಬರ ಕೆಲಸ ಅದು.

ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ಟಿನ ಕತೆಯೇ ಬೇರೆ. ಅದರ ಎಣ್ಣೆಗೆ ಇಂಜಿನ್ ಕವಚದಲ್ಲೇ ಪ್ರತ್ಯೇಕ ಟ್ಯಾಂಕ್ ಇದೆ. ಒಂದು ಪಂಪು ಎಣ್ಣೆ ಕಳಿಸುತ್ತದೆ, ಇನ್ನೊಂದು ವಾಪಸು ತರುತ್ತದೆ. ಗಾಡಿ ಹಲವು ದಿನ ಸುಮ್ಮನೆ ನಿಂತರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಯಲ್ಲಿ ಜಿನುಗಿ ಕ್ರ್ಯಾಂಕಿನ ಕೆಳಗೆ ಇಳಿಯುತ್ತದೆ. ಆಗ ಕಡ್ಡಿ ಒಣಗಿದಂತೆ ಕಾಣುತ್ತದೆ. ಅದನ್ನು ನಂಬಿ ಹುಯ್ದವರ ಗಾಡಿ ಸ್ಟಾರ್ಟ್ ಆದಮೇಲೆ ಹೆಚ್ಚಿನ ಎಣ್ಣೆಯನ್ನು ಬ್ರೀದರ್ ಪೈಪಿನಿಂದ ಹೊರಗೆ ಉಗುಳುತ್ತದೆ. ಹಳೆ ಬುಲೆಟ್ ಬಲ್ಲ ಮೆಕ್ಯಾನಿಕ್ ಮೊದಲು ಕಿಕ್ ಹೊಡೆದು ಒಂದು ಸುತ್ತು ಹೋಗಿ ಬರುತ್ತಾರೆ, ಆಮೇಲೇ ಮುಚ್ಚಳಕ್ಕೆ ಕೈ ಹಾಕುತ್ತಾರೆ.

ಕರ್ನಾಟಕದ ಮೆಕ್ಯಾನಿಕ್ಕುಗಳ ಒಂದು ಇಡೀ ತಲೆಮಾರಿಗೆ ಈ ಕಡ್ಡಿ ಅಷ್ಟಾಗಿ ಬಳಕೆಯದಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಫಾರೂಕ್ ಇರಾನಿಯವರ ಸಾಹಸ. ಜಯಚಾಮರಾಜೇಂದ್ರ ಒಡೆಯರ್ 1961ರಲ್ಲಿ ಉದ್ಘಾಟಿಸಿದ್ದು. ಅಲ್ಲಿಂದ ಬಂದ ಜಾವಾ, 1973ರ ನಂತರದ ಯೆಜ್ಡಿ, ಎಲ್ಲವೂ ಟೂ ಸ್ಟ್ರೋಕ್. ಇಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹುಯ್ಯುವುದು, ಅದು ಉರಿದು ಹೊಗೆಯಾಗಿ ಹೋಗುವುದು. ಗೇರಿಗೆ ಬೇರೆ ಎಣ್ಣೆ. ಪಿಸ್ಟನ್ನಿನ ಎಣ್ಣೆಗೆ ಮಟ್ಟ ಎಂಬುದೇ ಇರಲಿಲ್ಲ. ಅಳತೆ ತಪ್ಪದೆ ಬೆರೆಸುವುದೇ ಆಗಿನ ಕಸುಬು. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದ ಮೇಲೆ ಫೋರ್ ಸ್ಟ್ರೋಕ್ ಮನೆಮನೆಗೆ ಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದಿತ್ತು ಅದರ ಜಾಹೀರಾತು. ಜನ ಪೆಟ್ರೋಲಿನ ಜೊತೆಗೆ ಆಯಿಲನ್ನೂ ಮರೆತರು. ಉರಿದು ಹೋಗದೆ ಒಳಗೇ ಸುತ್ತುತ್ತ ಸಾವಿರಾರು ಕಿಲೋಮೀಟರ್ ದುಡಿಯುವ ಎಣ್ಣೆಗೆ ಆಗಾಗ ಕಡ್ಡಿ ಹಾಕಿ ನೋಡಬೇಕೆಂಬ ರೂಢಿ ನಮ್ಮಲ್ಲಿ ನಿಧಾನವಾಗಿ ಬೆಳೆಯಿತು; ಪೂರ್ತಿ ಬೆಳೆದಿಲ್ಲ ಎಂದೇ ಹೇಳಬೇಕು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಕಡಿಮೆಯಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಮೊದಲು ಹೆಡ್ಡಿನಲ್ಲಿ ಟಿಕ್‌ಟಿಕ್ ಸದ್ದು, ಕ್ಯಾಮ್ ಸವೆತ, ಕೊನೆಗೆ ಪಿಸ್ಟನ್ ಹಿಡಿದುಕೊಂಡು ‘ಇಂಜಿನ್ ಸೀಜ್’. ಹೆಚ್ಚಾದರೂ ಕೇಡು ಎಂಬುದನ್ನು ಮಾತ್ರ ಒಪ್ಪಿಸುವುದು ಕಷ್ಟ. ‘ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅಣ್ಣ?’ ಅಲ್ಲ. ಮಟ್ಟ ಮೀರಿದ ಎಣ್ಣೆಯನ್ನು ಕ್ರ್ಯಾಂಕ್ ಕಡೆಯುತ್ತದೆ, ಗಾಳಿ ಸೇರಿ ನೊರೆ ಏಳುತ್ತದೆ. ಲೋಹದ ನಡುವೆ ಎಣ್ಣೆಯ ಪದರ ನಿಂತಂತೆ ನೊರೆ ನಿಲ್ಲದು. ಒಳಗಿನ ಒತ್ತಡ ಏರಿ ಆಯಿಲ್ ಸೀಲುಗಳಲ್ಲಿ ಒಸರುತ್ತದೆ, ಬ್ರೀದರಿನ ಮೂಲಕ ಏರ್ ಫಿಲ್ಟರ್ ನೆನೆಯುತ್ತದೆ. ಗಾಡಿ ಎಳೆತ ಕಳೆದುಕೊಂಡಾಗ ಮಾಲೀಕ ಬೈಯುವುದು ಪೆಟ್ರೋಲ್ ಬಂಕನ್ನು.

ಹೆಚ್ಚಾಗುವುದಕ್ಕೆ ಮುಖ್ಯ ಕಾರಣ ಬಾಟಲಿ. ಕೈಪಿಡಿಯಲ್ಲಿ ಎರಡು ಅಳತೆ ಇರುತ್ತವೆ: ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ ಎಷ್ಟು, ಬರೀ ಎಣ್ಣೆ ಬದಲಿಸಿದಾಗ ಎಷ್ಟು. ಡ್ರೈನ್ ಮಾಡಿದರೂ ಒಳಗಿನ ಮೂಲೆಗಳಲ್ಲಿ ಒಂದಿಷ್ಟು ಉಳಿಯುವುದರಿಂದ ಎರಡನೆಯದು ಕಡಿಮೆ. ಬಾಟಲಿ ಒಂದು ಲೀಟರಿನದು ಎಂಬ ಒಂದೇ ಕಾರಣಕ್ಕೆ ಲೀಟರ್ ಪೂರ್ತಿ ಸುರಿಯುವುದು ಸೋಮಾರಿತನ.

ಯಾವ ಎಣ್ಣೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ಚು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇರಲಿ. ಕಾರಿನ ಆಯಿಲ್ ಉಳಿದಿದೆಯೆಂದು ಹುಯ್ದರೆ ಕ್ಲಚ್ ಜಾರಬಹುದು. ಆಕ್ಟಿವಾದಂಥ ಸ್ಕೂಟರಿನ ಕ್ಲಚ್ ಎಣ್ಣೆಯ ಹೊರಗಿರುವುದರಿಂದ ಅದಕ್ಕೆ ಎಂಬಿ. 10ಡಬ್ಲ್ಯೂ30, 20ಡಬ್ಲ್ಯೂ50 ಎಂಬ ಗ್ರೇಡನ್ನು ಕೈಪಿಡಿ ಹೇಳಿದಂತೆ ಹಾಕಿದರೆ ಸಾಕು, ವಾಟ್ಸ್ಆ್ಯಪ್ ಪಂಡಿತರ ಸಲಹೆ ಬೇಡ.

ಕಡ್ಡಿಯ ತುದಿ ಮಟ್ಟವನ್ನಷ್ಟೇ ಹೇಳುವುದಿಲ್ಲ. ಕಪ್ಪಾಗಿದೆಯೆಂದು ಹೆದರುವುದು ಬೇಡ, ಕೊಳೆ ಹಿಡಿದಿಟ್ಟುಕೊಳ್ಳುವುದೇ ಎಣ್ಣೆಯ ಕೆಲಸ. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿದ ಗಾಡಿಗಳು ಹೀಗೆ ಬರುತ್ತವೆ. ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ನೋಡಬೇಕು. ಬೆರಳಲ್ಲಿ ಉಜ್ಜಿದಾಗ ಲೋಹದ ಪುಡಿ ಮಿನುಗಿದರೆ ಮೆಕ್ಯಾನಿಕ್ ಮಾತು ನಿಲ್ಲಿಸಿ ಕಿವಿಗೊಟ್ಟು ಇಂಜಿನ್ ಕೇಳತೊಡಗುತ್ತಾರೆ.

ಇಳಿಸಿದ ಎಣ್ಣೆ ಎಲ್ಲಿ ಹೋಗುತ್ತದೆ? ಕತ್ತರಿಸಿದ ಕ್ಯಾನಿಗೆ, ಅಲ್ಲಿಂದ ಡ್ರಮ್ಮಿಗೆ, ಕೊಳ್ಳುವವರ ಗಾಡಿಗೆ. ಒಂದು ಪಾಲು ಸೆಂಟ್ರಿಂಗ್ ಹಲಗೆಗಳಿಗೆ ಬಳಿಯಲೂ ಹೋಗುತ್ತದೆ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, ಸೇರಬೇಕಾದದ್ದು ಅಧಿಕೃತ ಮರುಸಂಸ್ಕರಣ ಘಟಕಕ್ಕೆ. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಿಸುವವರಿಗೂ ಬಳಸಿದ ಎಣ್ಣೆಯ ಹೊಣೆ ಹೊರಿಸಲಾಗಿದೆ. ಅಡ್ಡರಸ್ತೆಯ ಗ್ಯಾರೇಜಿನಲ್ಲಿ ನೋಡಬೇಕಾದದ್ದು ಸರಳ: ಡ್ರಮ್ಮು ಇದೆಯೇ, ಇಲ್ಲಾ ಚರಂಡಿಯ ಬಾಯಿ ಕಪ್ಪಾಗಿದೆಯೇ.

ಹೋಗುವುದಾದರೆ ಶನಿವಾರ ಸಂಜೆ ಬೇಡ, ವಾರದ ಮಧ್ಯೆ ಬೆಳಿಗ್ಗೆ ಹೋಗಿ. ಕಾಯಲು ಅವರಿಗೂ ನಿಮಗೂ ಪುರುಸೊತ್ತಿರುತ್ತದೆ. ಬಾಟಲಿಯ ಸೀಲ್ ನಿಮ್ಮೆದುರೇ ಒಡೆಯಲಿ. ಡ್ರೈನ್ ಬೋಲ್ಟಿನ ವಾಷರ್ ಸವೆದಿದ್ದರೆ ಹೊಸದು ಹಾಕಲು ಹೇಳಿ, ಅತಿಯಾಗಿ ಬಿಗಿದು ಥ್ರೆಡ್ ಹಾಳು ಮಾಡಬೇಡಿ ಎಂದೂ ಹೇಳಿ. ಕಡ್ಡಿಯನ್ನು ನಿಮಗೂ ತೋರಿಸಲಿ. ಎಣ್ಣೆಯ ಅಂಚು ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ನಿಂತಿದ್ದರೆ ಮುಗಿಯಿತು. ಬಾಟಲಿಯಲ್ಲಿ ಉಳಿದದ್ದು ನೀವು ದುಡ್ಡು ಕೊಟ್ಟದ್ದೇ, ಮುಚ್ಚಳ ಬಿಗಿಸಿ ಮನೆಗೆ ತನ್ನಿ. ಮುಂದಿನ ತಿಂಗಳು ಮಟ್ಟ ಇಳಿದರೆ ಟಾಪ್‌ಅಪ್‌ಗೆ ಅದೇ ಆಗುತ್ತದೆ.